ಪ್ರಮಾಣಶ್ರುತಿಯೂ ತಂತಿಯ ಬಿಗಿತವೂ

ಭರತಮುನಿಪ್ರಣೀತವಾದ ನಾಟ್ಯಶಾಸ್ತ್ರದ 28ನೆಯ ಅಧ್ಯಾಯದಲ್ಲಿ ಬರುವ ಸಾರಣಾಪ್ರಕರಣವು ವಿದ್ವಾಂಸರಲ್ಲಿ ಬಹುವಾಗಿ ಚರ್ಚಿತವಾದುದು. ಅಲ್ಲಿ ಹೇಳಿರುವ ಪ್ರಮಾಣಶ್ರುತಿಯನ್ನು ತಂತಿಯ ಉದ್ದದ ಒಂದು ಭಾಗವೆಂದೆಣಿಸಿ, ಇಪ್ಪತ್ತೆರಡು ಶ್ರುತಿಗಳಿಗೂ ವೀಣೆಯ ದಂಡದ ಮೇಲೆ ಸ್ಥಾನಗಳನ್ನು ಗಣಿಸಿ ತೋರಿಸುವ ವ್ಯಾಖ್ಯಾನಗಳುಂಟು. ಗ್ರಂಥದ ಮಾತುಗಳು ಇದಕ್ಕೆ ಅವಕಾಶ ಕೊಡುವುವೇ ಎಂಬುದೇ ಇಲ್ಲಿಯ ವಿಚಾರ.

ಈ ಶ್ರುತಿಯನ್ನು ಹೇಳುವಲ್ಲಿ ಮುನಿಯು ಬಳಸಿರುವ ಪದಗಳು ಮಾರ್ದವ, ಆಯತತ್ವ ಎಂಬಿವು. ಆಯತಶಬ್ದಕ್ಕೆ ನೀಳವಾದುದೆಂಬ ಅರ್ಥವೂ ರೂಢವಾಗಿರುವುದರಿಂದ ಭ್ರಾಂತಿಗೆ ಎಡೆಯುಂಟು. ಆದರೆ ಮೃದುವಿಗೆ ಎದುರಾದುದು ನೀಳವಲ್ಲ, ಬಿಗಿ. ಪತಂಜಲಿಯೂ ಉದಾತ್ತಾನುದಾತ್ತಗಳನ್ನು ವಿವರಿಸುವಾಗ ಅಂಗಗಳ ಆಯಾಮದಿಂದ ಧ್ವನಿಯು ಉಚ್ಚವಾಗುವುದೆಂದೂ ಮಾರ್ದವದಿಂದ ನೀಚವಾಗುವುದೆಂದೂ ಮಹಾಭಾಷ್ಯದಲ್ಲಿ ಹೇಳಿರುವನು. ಕಂಠಕ್ಕೆ ಸಲ್ಲುವ ಈ ಪರಿಭಾಷೆಯೇ ತಂತಿಗೂ ಸಲ್ಲುವುದು.

ವಾದ್ಯದ ಸ್ವರೂಪವೂ ಇದಕ್ಕೆ ಅನುಕೂಲವಾಗಿದೆ. ಭರತನು ಹೇಳುವ ಚಿತ್ರಾವೀಣೆಗೆ ಏಳು ತಂತಿಗಳು. ಸಮುದ್ರಗುಪ್ತನ ನಾಣ್ಯದಲ್ಲಿ ಕಾಣುವ ಬಿಲ್ಲಿನಾಕಾರದ ವೀಣೆಯಂತೆ ಮೆಟ್ಟಿಲುಗಳಿಲ್ಲದ ವಾದ್ಯದಲ್ಲಿ ಒಂದೊಂದು ಸ್ವರಕ್ಕೆ ಒಂದೊಂದು ತಂತಿ. ಅಲ್ಲಿ ಸ್ವರವನ್ನು ತಗ್ಗಿಸುವುದೆಂದರೆ ತಂತಿಯನ್ನು ಸಡಿಲಿಸುವುದೇ.

ಫ್ರಾನ್ಸ್ ದೇಶದ ಮರ್ಸೆನ್ನನು 1636ರಲ್ಲಿ ಪ್ರಕಟಿಸಿದ ನಿಯಮದಂತೆ, ಉದ್ದವೂ ತೂಕವೂ ಬದಲಾಗದಿರುವಾಗ ತಂತಿಯ ಕಂಪನಸಂಖ್ಯೆಯು ಬಿಗಿತದ ವರ್ಗಮೂಲವನ್ನು ಅನುಸರಿಸುವುದು. ತಾರಷಡ್ಜವು ಬರಬೇಕಾದರೆ ಬಿಗಿತವು ನಾಲ್ಮಡಿಯಾಗಬೇಕು. ಪ್ರಮಾಣಶ್ರುತಿಯನ್ನು ಆಧುನಿಕರಂತೆ 81/80 ಎಂದು ಗ್ರಹಿಸಿದರೆ, ಅಷ್ಟು ತಗ್ಗಿಸಲು ಬಿಗಿತವನ್ನು ಸುಮಾರು ನಲವತ್ತರಲ್ಲೊಂದು ಪಾಲು ಕಡಿಮೆಮಾಡಿದರೆ ಸಾಕು. ಇಷ್ಟು ಸೂಕ್ಷ್ಮವಾದುದನ್ನು ಕೈಯು ಅಳೆಯಲಾರದು.

ಹಾಗಾದರೆ ಅಳೆಯುವುದು ಯಾವುದು? ಕಿವಿಯೇ. ಸಮವಾಗಿ ಶ್ರುತಿಮಾಡಿದ ಎರಡು ವೀಣೆಗಳಲ್ಲಿ ಒಂದು ಧ್ರುವ, ಇನ್ನೊಂದು ಚಲ. ಚಲವೀಣೆಯ ಪಂಚಮವನ್ನು ಮೊದಲು ಮಧ್ಯಮಗ್ರಾಮಕ್ಕೆ ತಕ್ಕಂತೆ ಇಳಿಸಬೇಕು. ಅದು ರಿಷಭದೊಡನೆ ಸಂವಾದವಾದಾಗ ಇಳಿತ ಸಾಕಾಯಿತೆಂದು ತಿಳಿಯುವುದು. ಬಳಿಕ ಉಳಿದ ತಂತಿಗಳನ್ನೂ ಅದಕ್ಕೆ ಹೊಂದಿಸಿ ಷಡ್ಜಗ್ರಾಮವನ್ನು ಮರಳಿ ತರಬೇಕು. ಎರಡನೆಯ ಸಾರಣೆಯಲ್ಲಿ ಚಲವೀಣೆಯ ಗಾಂಧಾರ ನಿಷಾದಗಳು ಧ್ರುವವೀಣೆಯ ರಿಷಭ ಧೈವತಗಳಲ್ಲಿಯೂ, ಮೂರನೆಯದರಲ್ಲಿ ರಿಷಭ ಧೈವತಗಳು ಷಡ್ಜ ಪಂಚಮಗಳಲ್ಲಿಯೂ, ನಾಲ್ಕನೆಯದರಲ್ಲಿ ಷಡ್ಜ ಮಧ್ಯಮ ಪಂಚಮಗಳು ನಿಷಾದ ಗಾಂಧಾರ ಮಧ್ಯಮಗಳಲ್ಲಿಯೂ ಸೇರುವುವು. ಹೀಗೆ ಸೇರಿದ ಎರಡು ತಂತಿಗಳಲ್ಲಿ ಒಂದನ್ನು ಮೀಟಿದರೆ, ವಾದ್ಯಗಳು ಒತ್ತಿನಲ್ಲಿದ್ದಾಗ, ಇನ್ನೊಂದು ಮುಟ್ಟದೆಯೇ ಅನುರಣಿಸುವುದು. ಬಿಗಿತ ಕೊಂಚ ತಪ್ಪಿದರೂ ಅನುರಣನ ಕುಗ್ಗುವುದು. ಪ್ರತಿ ಹೆಜ್ಜೆಗೂ ಸಂವಾದವೋ ಐಕ್ಯವೋ ಸಾಕ್ಷಿಯಾಗಿರುವಾಗ ಅಂಕೆಯ ಅಪೇಕ್ಷೆಯೆಲ್ಲಿ?

ಉದ್ದದಿಂದ ಸ್ವರಸ್ಥಾನಗಳನ್ನು ಹೇಳುವ ಪದ್ಧತಿಯೂ ಶಾಸ್ತ್ರೀಯವೇ. ಹದಿನೇಳನೆಯ ಶತಮಾನದ ಅಹೋಬಲನು ಸಂಗೀತಪಾರಿಜಾತದಲ್ಲಿ ತಾರಷಡ್ಜವನ್ನು ತಂತಿಯ ನಡುವೆ ಇರಿಸಿರುವನು. ಆದರೆ ಆ ಲೆಕ್ಕವು ಬಿಗಿತವು ಒಂದೇ ಆಗಿರುವಾಗ ಮಾತ್ರ ಸಲ್ಲುವುದು. ವೈಣಿಕನು ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಪಕ್ಕಕ್ಕೆ ಸೆಳೆದು ಮೇಲಣ ಸ್ವರವನ್ನು ನುಡಿಸುವನು. ಅಲ್ಲಿ ಧ್ವನಿಯನ್ನೇರಿಸಿದುದು ಬಿಗಿತವೇ ಹೊರತು ಉದ್ದವಲ್ಲ.

ಆದುದರಿಂದ ಅಹೋಬಲನ ಅಳತೆಗೋಲನ್ನು ಭರತನ ಕೈಗೆ ಕೊಡುವುದು ಕಾಲವ್ಯತಿಕ್ರಮ. 81/80 ಎಂಬುದು ಸಂವಾದಗಳಿಂದ ಹೊರಡುವ ಫಲವೇ ಹೊರತು ಮುನಿಯ ಸಾಧನವಲ್ಲ. ಸಾರಣೆಯನ್ನು ವಿಮರ್ಶಿಸುವವರು ಲೆಕ್ಕಕ್ಕೆ ಮುನ್ನ ಎರಡು ವೀಣೆಗಳನ್ನು ಶ್ರುತಿಮಾಡಿ ಕೇಳುವುದು ಯುಕ್ತವೆಂದು ನಮ್ಮ ಅಭಿಪ್ರಾಯ.