ಕಂಪಕವೇ ಕ್ಯೂಬಿಟ್ ಆಗಬೇಕೆ?

ಮೃದಂಗದ ಬಲ ಮುಚ್ಚಿಗೆಯ ಮೇಲಿನ ಕಪ್ಪು ಲೇಪವಾದ ಕರಣೆ ಏನು ಮಾಡುತ್ತದೆಂದು ಸಿ.ವಿ. ರಾಮನ್ 1934ರಲ್ಲಿ ವಿವರವಾಗಿ ಬರೆದರು. ಬರಿಯ ಚರ್ಮದ ಮೇಲ್ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಕರಣೆಯ ಭಾರ ಅವನ್ನು ಪೂರ್ಣಾಂಕಗಳ ಲೆಕ್ಕಕ್ಕೆ ತರುತ್ತದೆ. ಆಗ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರು. ಈಗ ಅಲ್ಲೇ ವಿಭೋರ್ ಸಿಂಗ್ ಅವರ ತಂಡ ಕಣ್ಣಿಗೆ ಕಾಣದ ಕಂಪಕಗಳನ್ನು (ಮುಚ್ಚಿಗೆಯಂತೆ ಕಂಪಿಸುವ ಪುಟ್ಟ ರಚನೆಗಳನ್ನು) ಕ್ವಾಂಟಂ ಸರ್ಕಿಟ್‌ಗಳಿಗೆ ಜೋಡಿಸುತ್ತಿದೆ.

ಮೃದಂಗಕ್ಕೆ ಒಪ್ಪಿದ ಸಮಲೆಕ್ಕ ಇಲ್ಲಿ ತೊಡಕು. ಕಂಪಕದ ಕ್ವಾಂಟಂ ಶಕ್ತಿಮಟ್ಟಗಳು (ಮೇಲ್ಸ್ವರಗಳೇ ಬೇರೆ, ಇವೇ ಬೇರೆ) ಏಣಿಯ ಮೆಟ್ಟಿಲಿನಂತೆ ಸಮ ಅಂತರದಲ್ಲಿರುತ್ತವೆ. ಸೊನ್ನೆಯಿಂದ ಒಂದಕ್ಕೆ ಏರಿಸುವ ಮಿಡಿತವೇ ಒಂದರಿಂದ ಎರಡಕ್ಕೂ ಏರಿಸಿದರೆ ಎರಡೇ ಮಟ್ಟಗಳಲ್ಲಿ ನಿಲ್ಲಬೇಕಾದ ಕ್ಯೂಬಿಟ್ (ಕ್ವಾಂಟಂ ಕಂಪ್ಯೂಟರಿನ ಬಿಟ್) ಕೆಟ್ಟಿತು. ಹಾಗಾಗಿ ಮಟ್ಟಗಳ ಅಂತರ ಅಸಮವಾಗಿರುವ ಟ್ರಾನ್ಸ್‌ಮಾನ್ ಎಂಬ ಅತಿವಾಹಕ ಕ್ಯೂಬಿಟ್ ಜೊತೆಗಿರಬೇಕು. ಸಿಂಗ್ ತಂಡ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಟ್ರಾನ್ಸ್‌ಮಾನ್‌ನ ಸ್ಕ್ವಿಡ್ ಎಂಬ ಅತಿವಾಹಕ ಕುಣಿಕೆಯ ಒಂದು ತೋಳೇ ಕಂಪಕ. ಅದು ಅಲುಗಿದರೆ ಕುಣಿಕೆಯನ್ನು ಹಾಯುವ ಕಾಂತಕ್ಷೇತ್ರದ ಪಾಲು ಬದಲಾಗುತ್ತದೆ, ಕ್ಯೂಬಿಟ್‌ನ ಆವರ್ತನವೂ ಬದಲಾಗುತ್ತದೆ. ಕಂಪಕವೇ ಕ್ಯೂಬಿಟ್‌ನ ಭಾಗವಾದ ಈ ಜೋಡಣೆ ನನಗೆ ತುಂಬ ಹಿಡಿಸಿತು.

2024ರಲ್ಲಿ ಜ್ಯೂರಿಕ್‌ನ ಇಟಿಎಚ್ ತಂಡ ಯಾಂತ್ರಿಕ ಕಂಪನವನ್ನೇ ಕ್ಯೂಬಿಟ್ ಮಾಡಿ ತೋರಿಸಿತು. ಪ್ರಯೋಗ ಸೊಗಸಾದದ್ದೇ. ಆದರೆ ಮಟ್ಟಗಳನ್ನು ಅಸಮಗೊಳಿಸಲು ಅದಕ್ಕೂ ಅತಿವಾಹಕ ಕ್ಯೂಬಿಟ್ಟಿನ ಸಾಲ ಬೇಕಾಯಿತು. ಸಾಲ ಕೊಟ್ಟವನನ್ನೇ ಇದು ಸೋಲಿಸುತ್ತದೆ ಎಂಬ ಉತ್ಸಾಹ ನನಗೆ ಒಪ್ಪಿತವಲ್ಲ.

ಕಂಪಕದ ನಿಜವಾದ ಬಲ ನೆನಪಿನಲ್ಲಿದೆ. 2010ರಲ್ಲಿ ಕಂಪಕವನ್ನು ಕ್ವಾಂಟಂ ನಿಯಂತ್ರಣಕ್ಕೆ ತಂದ ಸಾಂಟಾ ಬಾರ್ಬರಾದ ಮೊದಲ ಪ್ರಯೋಗದಲ್ಲಿ ಕಂಪನ ಉಳಿದದ್ದು ಕೆಲವೇ ನ್ಯಾನೋಸೆಕೆಂಡು. 2020ರಲ್ಲಿ ಕ್ಯಾಲ್ಟೆಕ್‌ನವರು ಅತಿಶೀತದಲ್ಲಿಟ್ಟ ಸಿಲಿಕಾನ್ ತೊಲೆಯಲ್ಲಿ ಅದು ಸುಮಾರು 1.5 ಸೆಕೆಂಡು ಉಳಿಯಿತು. ಕ್ವಾಂಟಂ ಲೋಕದಲ್ಲಿ ಇದು ದೀರ್ಘಾಯುಷ್ಯ. ಇನ್ನೊಂದು ಕೆಲಸ, ಮೈಕ್ರೋವೇವ್ ಸಂಕೇತವನ್ನು ಫೈಬರ್‌ನಲ್ಲಿ ಸಾಗುವ ಬೆಳಕಾಗಿ ಬದಲಿಸುವುದು. ಇಲ್ಲಿ ಲೇಸರ್ ಬೆಳಕೇ ಕಂಪಕವನ್ನು ಬಿಸಿಮಾಡಿ ಸಂಕೇತಕ್ಕೆ ಗದ್ದಲ ಬೆರೆಸುತ್ತದೆ. ಕೆಲಸ ಇನ್ನೂ ಬಹಳ ಬಾಕಿಯಿದೆ.

2023ರಲ್ಲಿ ಒಪ್ಪಿಗೆ ಪಡೆದ, 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್ ಎಂಟು ವರ್ಷಗಳಲ್ಲಿ 50ರಿಂದ 1,000 ಕ್ಯೂಬಿಟ್‌ಗಳ ಗುರಿ ಇಟ್ಟಿದೆ. ಬರೀ ಕ್ಯೂಬಿಟ್ ಎಣಿಸುತ್ತ ಕೂತರೆ ಕಂಪಕದ ದುಡಿಮೆ ಲೆಕ್ಕಕ್ಕೇ ಬಾರದು. ನೆನಪು ಎಷ್ಟು ಹೊತ್ತು ಉಳಿಯಿತು, ಸಂಕೇತವನ್ನು ಬೆಳಕಾಗಿ ಬದಲಿಸುವಾಗ ಎಷ್ಟು ಗದ್ದಲ ಬೆರೆಯಿತು ಎಂಬ ಅಂಕಿಗಳನ್ನೂ ಮಿಷನ್ ಕೇಳಬೇಕು.