ಉರಿಯುವ ಕವಚದೊಳಗಿನ ಸಾಕ್ಷಿ

ಮಂಗಳಕ್ಕೆ ಹೋದ ಕ್ಯೂರಿಯಾಸಿಟಿಯ ಶಾಖಕವಚದ ದಪ್ಪ 31.75 ಮಿ.ಮೀ. 2012ರ ಆಗಸ್ಟ್ 6ರಂದು ಸೆಕೆಂಡಿಗೆ ಸುಮಾರು 5.8 ಕಿ.ಮೀ. ವೇಗದಲ್ಲಿ ಅದು ಅಲ್ಲಿನ ವಾತಾವರಣಕ್ಕೆ ನುಗ್ಗಿತು. ಅಷ್ಟೆಲ್ಲ ಉರಿದ ಮೇಲೂ ಸಂವೇದಕಗಳಿದ್ದ ಕಡೆ ಹೊರಮೈ ಸವೆದದ್ದು 2.5 ಮಿ.ಮೀ.ಗಿಂತ ಕಡಿಮೆ. ದಪ್ಪವೆಲ್ಲ ಸವೆಯಲೆಂದೇ ಇಟ್ಟದ್ದಲ್ಲ, ಬಹುಪಾಲು ಇರುವುದು ಶಾಖ ಒಳಗಿಳಿಯದಂತೆ ತಡೆಯಲು, ನಿಜ. ಆದರೂ ಗಣಕದ ಲೆಕ್ಕ ಇದಕ್ಕಿಂತ ಹೆಚ್ಚು ಸವೆತವನ್ನು ಹೇಳಿತ್ತು. ಲೆಕ್ಕ ತಪ್ಪಿದೆಯೆಂದು ತೋರಿಸಿಕೊಟ್ಟದ್ದು ಕವಚದೊಳಗೇ ಹುದುಗಿದ್ದ ಮೆಡ್ಲಿ ಎಂಬ ಉಪಕರಣಗಳ ಗುಂಪು. ರೋವರ್ ತೆಗೆದ ಚಿತ್ರಗಳನ್ನು ಲೋಕವೆಲ್ಲ ನೋಡಿತು. ಮೆಡ್ಲಿಯ ಹೆಸರು ಎಂಜಿನಿಯರುಗಳ ಆಚೆಗೆ ಹೋಗಲೇ ಇಲ್ಲ. ಅದರ ಸಾಧನೆಯನ್ನೂ ಕೊರತೆಯನ್ನೂ ಬಿಡಿಸಿ ನೋಡುವುದು ಅಗತ್ಯ.

ಕವಚಕ್ಕೆ ಬಳಸಿದ್ದ ಪೀಕಾ ಎಂಬ ಹಗುರ ಇಂಗಾಲದ ವಸ್ತುವಿನಿಂದಲೇ ಏಳು ಬಿರಡೆಗಳನ್ನು ಕಡೆದು, ಕವಚದ ಏಳು ಕಡೆ ಕೂರಿಸಿದ್ದರು. ಪ್ರತಿ ಬಿರಡೆಯಲ್ಲೂ ಬೇರೆ ಬೇರೆ ಆಳದಲ್ಲಿ ತಾಪ ಅಳೆಯುವ ನಾಲ್ಕು ಥರ್ಮೋಕಪಲ್‌ಗಳು. ಎಲ್ಲಕ್ಕಿಂತ ಮೇಲಿನದು ಹೊರಮೈಯಿಂದ 2.54 ಮಿ.ಮೀ. ಕೆಳಗೆ. ತಂತಿಯನ್ನು ನೇರವಾಗಿ ಒಳಗೆ ತೂರಿಸಿದರೆ ತಂತಿಯೇ ಶಾಖವನ್ನು ಎಳೆದೊಯ್ದು ಅಳತೆ ಕೆಡಿಸುತ್ತದೆ. ಆದ್ದರಿಂದ ಅಳೆಯುವ ತುದಿಯ ಹತ್ತಿರ ತಂತಿಯನ್ನು ಹೊರಮೈಗೆ ಸಮಾನಾಂತರವಾಗಿ ಹಾಸಿ, ಆಮೇಲೆ ಕೆಳಕ್ಕೆ ಬಗ್ಗಿಸುತ್ತಾರೆ. ಇನ್ನೊಂದು ಕಡೆ, ಕವಚದ ಆರಪಾರ ಕೊರೆದ ಏಳು ಸಣ್ಣ ರಂಧ್ರಗಳ ಹಿಂದೆ ಕುಳಿತ ಒತ್ತಡ ಮಾಪಕಗಳು ಸೆಕೆಂಡಿಗೆ ಎಂಟು ಸಲ ಓದುತ್ತಿದ್ದವು. ನೌಕೆ ಯಾವ ಕೋನದಲ್ಲಿ ವಾಲಿದೆ, ಎದುರಿನ ಗಾಳಿ ಎಷ್ಟು ಸಾಂದ್ರವಾಗಿದೆ ಎಂಬುದನ್ನು ಒಂದೊಂದು ರಂಧ್ರದ ಒತ್ತಡದಿಂದ, ಅವುಗಳ ನಡುವಿನ ವ್ಯತ್ಯಾಸದಿಂದ ಲೆಕ್ಕ ಹಾಕಬಹುದು.

ನನಗೆ ಬಹಳ ಮುಖ್ಯವೆನಿಸುವುದು ಈ ಬಿರಡೆಗಳು ಹೊರಗೆಡವಿದ ಇನ್ನೊಂದು ಸಂಗತಿ. ಗಾಳಿ ನೇರವಾಗಿ ಬಡಿಯುವ ಭಾಗದಲ್ಲಿ ಲೆಕ್ಕ ಹೇಳಿದ್ದಕ್ಕಿಂತ ಹೆಚ್ಚು ಶಾಖ ಕಂಡಿತು. ಇಷ್ಟು ವೇಗಕ್ಕೆ ಬಿಸಿ ಅನಿಲದ ವಿಕಿರಣವನ್ನು ಕಡೆಗಣಿಸಬಹುದೆಂದು ವಿನ್ಯಾಸಕಾರರು ನಂಬಿದ್ದರು. ಮುಂದೆ ಕಾರ್ಬನ್ ಡೈಆಕ್ಸೈಡ್ ಸೂಸುವ ಅವಕೆಂಪು ವಿಕಿರಣವನ್ನೂ ಸೇರಿಸಿ ನೋಡಿದಾಗ ಆ ಅಂತರ ತಗ್ಗಿತು. ಕವಚ ಉಳಿದುಕೊಂಡಿತು ಎಂದಷ್ಟೇ ತಿಳಿದು ಸಮಾಧಾನಪಟ್ಟಿದ್ದರೆ ಈ ತಪ್ಪು ಮುಂದಿನ ನೌಕೆಗೂ ಹಾಗೇ ದಾಟುತ್ತಿತ್ತು.

ಆದರೂ ಈ ಅಳತೆಗೆ ಜಾಗ ಸಿಕ್ಕಿದ್ದು ಎಷ್ಟು ತಡವಾಗಿ! 2004ರ ಸ್ಪಿರಿಟ್, ಆಪರ್ಚುನಿಟಿ, 2008ರ ಫೀನಿಕ್ಸ್, ಯಾವುದರ ಕವಚದಲ್ಲೂ ಒಂದು ಸಂವೇದಕವೂ ಇರಲಿಲ್ಲ. ಆಪರ್ಚುನಿಟಿ 2004ರ ಕೊನೆಗೆ ತನ್ನದೇ ಕವಚದ ಚೂರುಗಳು ಬಿದ್ದ ಕಡೆಗೆ ಹೋಗಿ, ಬಂಡೆ ಪರೀಕ್ಷಿಸಲು ಕೊಟ್ಟಿದ್ದ ಸೂಕ್ಷ್ಮ ಕ್ಯಾಮೆರಾದಿಂದ ಸುಟ್ಟ ಅಂಚುಗಳನ್ನು ನೋಡಿತು. ಪಕ್ಕದಲ್ಲೇ ಬಿದ್ದಿದ್ದ ಉಲ್ಕಾಶಿಲೆಯೊಂದು ಸುದ್ದಿಯಾಯಿತು. ಕವಚವನ್ನು ಹೀಗೆ ಹತ್ತಿರದಿಂದ ನೋಡಿದ್ದು ಒಳ್ಳೆಯ ಕೆಲಸವೇ. ಆದರೆ ನೆಲಕ್ಕಪ್ಪಳಿಸಿ ಮಗುಚಿಬಿದ್ದ ಚೂರುಗಳಿಂದ ಯಾವ ಕ್ಷಣದಲ್ಲಿ ಎಷ್ಟು ಶಾಖ ತಾಗಿತೆಂದು ಹೇಳಿಸಲಾಗದು. ಮೆಡ್ಲಿ ಗೆದ್ದ ಮೇಲೂ, 2018ರಲ್ಲಿ ಇನ್‌ಸೈಟ್ ಬರಿಗವಚದಲ್ಲೇ ಇಳಿಯಿತು. ಖರ್ಚು ಉಳಿಸುವ ಒತ್ತಡ ಅರ್ಥವಾಗುತ್ತದೆ. ಆದರೆ ಒಂದು ಗ್ರಹಕ್ಕೆ ಇಳಿಯುವ ಅವಕಾಶ ಹಲವು ವರ್ಷಕ್ಕೊಮ್ಮೆ ಬರುವಂಥದ್ದು. ಅದನ್ನು ಕೈಬಿಟ್ಟದ್ದನ್ನು ನಾನು ಒಪ್ಪಲಾರೆ.

ಮೆಡ್ಲಿಯ ಕೊರತೆ ಸವೆತದ ವಿಷಯದ್ದು. ಮೇಲೆ ಹೇಳಿದ 2.5 ಮಿ.ಮೀ. ನಿಜವಾದ ಅಳತೆಯಲ್ಲ. ಮೇಲಿನ ಥರ್ಮೋಕಪಲ್ ಸುಟ್ಟುಹೋಗದೆ ಉಳಿದದ್ದರಿಂದ ಸವೆತ ಅಲ್ಲಿಯವರೆಗೆ ಬರಲಿಲ್ಲವೆಂದು ಗೊತ್ತಾಯಿತು, ಅಷ್ಟೆ. 1995ರಲ್ಲೇ ಗೆಲಿಲಿಯೋದ ಶೋಧಕ ಸೆಕೆಂಡಿಗೆ 47 ಕಿ.ಮೀ. ವೇಗದಲ್ಲಿ ಗುರುವಿನೊಳಗೆ ಧುಮುಕುತ್ತಾ ಸವೆತವನ್ನು ನೇರವಾಗಿ ಅಳೆದು ಕಳಿಸಿತ್ತು. ಮೂತಿ ಎಣಿಸಿದ್ದಕ್ಕಿಂತ ಕಡಿಮೆ ಸವೆದು, ಅಂಚಿನ ಭಾಗ ಹೆಚ್ಚು ಸವೆದಿತ್ತು. ದಪ್ಪ ಎಲ್ಲಿ ಹೆಚ್ಚಾಗಿದೆ, ಎಲ್ಲಿ ಸಾಲದು ಎಂದು ಬಿಡಿಬಿಡಿಯಾಗಿ ತಿಳಿಸುವುದು ಇಂಥ ಅಳತೆ ಮಾತ್ರ.

2021ರ ಫೆಬ್ರುವರಿ 18ರಂದು ಪರ್ಸಿವರೆನ್ಸ್ ಜೊತೆ ಇಳಿದ ಮೆಡ್ಲಿ-2 ಹಲವು ಕಡೆ ಮುಂದೆ ಸಾಗಿತು. ಒಟ್ಟು 28 ಸಂವೇದಕ. ಮೊದಲ ಸಲ ಕಡೆಗಣಿಸಿದ್ದ ಹಿಂಬದಿಯ ಚಿಪ್ಪಿಗೂ ಪಾಲು ಸಿಕ್ಕಿತು. ವೇಗ ತಗ್ಗಿದ ಮೇಲಿನ ಕಡಿಮೆ ಒತ್ತಡವನ್ನು ನಿಖರವಾಗಿ ಓದಲೆಂದು ಕಿರುವ್ಯಾಪ್ತಿಯ ಮಾಪಕಗಳನ್ನು ಬೇರೆಯಾಗಿ ಇಟ್ಟರು. ವಿಕಿರಣವನ್ನಷ್ಟೇ ಅಳೆಯುವ ರೇಡಿಯೋಮೀಟರನ್ನು ಹಿಂಬದಿಯಲ್ಲಿ ಕೂರಿಸಿದ್ದಂತೂ 2012ರ ಪಾಠದ ನೇರ ಫಲ. ಸವೆತಕ್ಕೆ ಮಾತ್ರ ಈ ಸಲವೂ ನೇರ ಅಳತೆ ಇಲ್ಲ.

ನೆಲದ ಮೇಲಿನ ಪರೀಕ್ಷೆ ಸಾಲದೇ ಎಂದು ಕೇಳುವವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶಾಕ್ ಟನೆಲ್‌ಗಳಲ್ಲಿ ಮಾದರಿಗೆ ಪ್ಲಾಟಿನಂ ತೆಳುಪದರದ ಸಂವೇದಕ ಹಚ್ಚಿ ಶಾಖ ಅಳೆಯುತ್ತಾರೆ. ಬಲು ಸೂಕ್ಷ್ಮವಾದ ಕೆಲಸ. ಆದರೆ ಅಲ್ಲಿ ಗಾಳಿ ಹರಿಯುವುದು ಮಿಲಿಸೆಕೆಂಡುಗಳ ಲೆಕ್ಕದಲ್ಲಿ. ಕವಚ ನಿಮಿಷಗಟ್ಟಲೆ ಬೇಯುತ್ತಾ ಕರಕಾಗುವುದನ್ನು ಅಲ್ಲಿ ನೋಡಲಾಗದು. ಬಿಸಿ ಅನಿಲವನ್ನು ಎಡೆಬಿಡದೆ ಹಾಯಿಸುವ ಆರ್ಕ್ ಜೆಟ್‌ಗಳಲ್ಲಿ ಹೊತ್ತು ಸಿಗುತ್ತದೆ, ಆದರೆ ಮಂಗಳದ ಗಾಳಿಯೂ ನೌಕೆಯ ಪೂರ್ಣ ಗಾತ್ರವೂ ಒಟ್ಟಿಗೆ ಸಿಗುವುದಿಲ್ಲ.

ನಾಸಾ ಈಗ ಸ್ಪರ್ಧೆಯಲ್ಲಿ ಆಯ್ಕೆಯಾಗಿ ಬೇರೆ ಲೋಕದ ವಾತಾವರಣಕ್ಕೆ ಇಳಿಯುವ ಯಾನಗಳಿಗೆ ಪ್ರವೇಶದ ಅಳತೆ ಮಾಡಲೇಬೇಕೆಂಬ ಷರತ್ತು ಹಾಕಿದೆ. ಶನಿಯ ಚಂದ್ರ ಟೈಟನ್‌ಗೆ ಹೊರಡಲಿರುವ ಡ್ರ್ಯಾಗನ್‌ಫ್ಲೈ ಅದರಂತೆಯೇ ಸಂವೇದಕಗಳನ್ನು ಹೊತ್ತೊಯ್ಯಲಿದೆ. ಟೈಟನ್ನಿನ ನೈಟ್ರೋಜನ್, ಮೀಥೇನ್ ಸೇರಿ ಉರಿಯಲ್ಲಿ ಹುಟ್ಟುವ ಸಯನೋಜನ್ ಕಣಗಳು ಪ್ರಬಲವಾಗಿ ಬೆಳಕು ಸೂಸುವಂಥವು. ಹಾಗಾಗಿ ವಿಕಿರಣ ಎಷ್ಟು, ಗಾಳಿಯ ನೇರ ಶಾಖ ಎಷ್ಟು ಎಂದು ಬೇರ್ಪಡಿಸಿ ಅಳೆಯುವುದು ಅಲ್ಲಿ ಮಂಗಳಕ್ಕಿಂತಲೂ ಮುಖ್ಯವಾಗುತ್ತದೆ.