ಚಿನ್ನದ ಪಟ್ಟಿ ಹಾಕಿದ ಚಿಪ್ಪಿನ ಬಳೆ

ಹಳೆಯ ಒಡವೆಗಳ ಹುಚ್ಚಿರುವವರಿಗೆ ಬಲ್ಗೇರಿಯದ ವಾರ್ನಾ ಒಂದು ಯಾತ್ರಾಸ್ಥಳ. ಕಪ್ಪು ಸಮುದ್ರದ ದಡದ ಆ ಊರಲ್ಲಿ 1972ರಲ್ಲಿ ನೆಲ ಅಗೆಯುತ್ತಿದ್ದಾಗ ಬಂಗಾರ ಸಿಕ್ಕಿತು. ಆಮೇಲೆ ಬಯಲಾದದ್ದು ಸುಮಾರು 300 ಸಮಾಧಿ, ಒಟ್ಟು 6 ಕಿಲೋ ಚಿನ್ನ. ವಯಸ್ಸು ಸುಮಾರು 6,500 ವರ್ಷ. ಪಿರಮಿಡ್ಡುಗಳ ಸುದ್ದಿಯೇ ಇಲ್ಲದ ಕಾಲ.

43ನೇ ಸಮಾಧಿಯಲ್ಲಿ ಮಲಗಿದ್ದವನು ನಲವತ್ತು ದಾಟಿದ ಗಂಡಸು. ಅವನೊಬ್ಬನ ಮೈಮೇಲೆಯೇ ಒಂದೂವರೆ ಕಿಲೋ ಚಿನ್ನ: ತೋಳಿಗೆ ದಪ್ಪ ಬಳೆ, ಉಡುಪಿನ ಮೇಲೆ ಬಿಲ್ಲೆ, ಕೈಯಲ್ಲಿ ಚಿನ್ನ ಹೊದಿಸಿದ ಹಿಡಿಯ ಕಲ್ಲುಕೊಡಲಿ. ಮರ ಕಡಿಯುವ ಕೊಡಲಿ ಅದಲ್ಲ ಅನ್ನುವುದು ನೋಡಿದರೇ ತಿಳಿಯುತ್ತದೆ. ಆದರೆ ನನ್ನ ಕಣ್ಣು ನಿಲ್ಲುವುದು ಸ್ಪಾಂಡಿಲಸ್ ಚಿಪ್ಪಿನ ಬಳೆಯ ಮೇಲೆ. ಮುರಿದಿದ್ದ ಅದಕ್ಕೆ ಚಿನ್ನದ ಪಟ್ಟಿ ಹಾಕಿ ಸರಿಮಾಡಿದ್ದಾರೆ. ಏಜಿಯನ್ ಕಡಲಿನಿಂದ ಕೈಯಿಂದ ಕೈಗೆ ದಾಟಿ ಬಂದ ಚಿಪ್ಪು ಅದು. ಅದರ ಮುಂದೆ ಚಿನ್ನ ಬರೀ ತೇಪೆ!

ಬೇಸಾಯ ಬಂತು, ಕಣಜ ತುಂಬಿತು, ಮೇಲುಕೀಳು ಹುಟ್ಟಿತು ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ಬಾಲ್ಕನ್ ಹಳ್ಳಿಗಳಲ್ಲಿ ಉತ್ತುಬಿತ್ತು ಒಂದೂವರೆ ಸಾವಿರ ವರ್ಷ ಕಳೆದರೂ ಇಂಥ ಸಮಾಧಿ ಕಾಣಲಿಲ್ಲ. ಹೊಸದಾಗಿ ಸೇರಿದ್ದು ಬೇರೆ. ಹತ್ತಿರದ ಪ್ರೊವಾಡಿಯಾದಲ್ಲಿ ಉಪ್ಪುನೀರು ಕಾಯಿಸಿ ಉಪ್ಪು ತೆಗೆಯುತ್ತಿದ್ದರು. ಐ ಬುನಾರ್‌ ಗಣಿಯಲ್ಲಿ ತಾಮ್ರದ ಅದಿರು ಅಗೆಯುತ್ತಿದ್ದರು. ಧಾನ್ಯವನ್ನು ಯಾರ ಹೊಲವೂ ಬೆಳೆಯಬಲ್ಲದು. ಉಪ್ಪಿನ ಬುಗ್ಗೆ ಎಲ್ಲರ ಹಿತ್ತಲಲ್ಲಿ ಇರುವುದಿಲ್ಲ. ಬುಗ್ಗೆಯನ್ನೂ ದಾರಿಯನ್ನೂ ಹಿಡಿದವನು ದೊಡ್ಡವನಾದ ಎಂದೇ ನನ್ನ ಎಣಿಕೆ.

ವಾರ್ನಾದ ಕೆಂಪು ಕಾರ್ನೀಲಿಯನ್ ಮಣಿಗಳನ್ನೂ ನೋಡಿ. ಕೆಲವಕ್ಕೆ 32 ಮುಖ, ಒಂದೊಂದನ್ನೂ ಉಜ್ಜಿ ಉಜ್ಜಿ ತೆಗೆದದ್ದು. ಹಾಗೆ ಉಜ್ಜುತ್ತ ಕೂತವನಿಗೆ ಹೊಲದವರು ಅನ್ನ ಹಾಕಬೇಕು. ಹಾಕಿಸುವ ಮಾತು ಇನ್ಯಾರದೋ.

ಇನ್ನೊಂದು ವಿಚಿತ್ರ: ಚಿನ್ನ ತುಂಬಿದ ಕೆಲವು ಗುಂಡಿಗಳಲ್ಲಿ ಹೆಣವೇ ಇಲ್ಲ. ಮೂರರಲ್ಲಿ ಮಣ್ಣಿನಿಂದ ಮುಖ ಮಾಡಿ, ಅದಕ್ಕೇ ಚಿನ್ನ ತೊಡಿಸಿದ್ದಾರೆ. ಒಡವೆ ಆಳಿಗಲ್ಲ, ಗದ್ದುಗೆಗೆ ಸಲ್ಲುತ್ತದೆ ಎಂಬ ಲೆಕ್ಕಾಚಾರ ಇಲ್ಲಿ ಆಗಲೇ ಶುರುವಾಗಿದೆ. ಅಲ್ಲಿನ ಬಂಗಾರದ ಬಹುಪಾಲು ಸಿಕ್ಕಿದ್ದು ನಾಲ್ಕೇ ಗುಂಡಿಗಳಲ್ಲಿ. ಉಳಿದವರಲ್ಲಿ ಹೆಚ್ಚಿನವರಿಗೆ ದಕ್ಕಿದ್ದು ಒಂದೆರಡು ಮಡಕೆ, ಚಕಮಕಿ ಕಲ್ಲಿನ ಅಲಗು, ಅಷ್ಟೇ.